ಬ್ರಿಟನ್‌ನ ಗ್ರಿಡ್ ರೆಫರೆನ್ಸ್, ಪೋಸ್ಟ್‌ಕೋಡ್ ಹಿಡಿದು ಜಿಪಿಎಸ್ ಸಂಖ್ಯೆ ಪಡೆಯುವುದು ಹೇಗೆ?

ಬ್ರಿಟನ್‌ನಲ್ಲಿರುವ ಕನ್ನಡದವರಲ್ಲಿ ವಾರಾಂತ್ಯಕ್ಕೆ ಬೆಟ್ಟ ಹತ್ತುವ ಹುಚ್ಚು ಹಿಡಿದವರು ಜಾಸ್ತಿ. ನಡಿಗೆಯ ಪುಸ್ತಕ ತೆರೆದರೆ "ಆರಂಭ: ಎಸ್‌ಎಚ್ 647 556" ಅಂತ ಗ್ರಿಡ್ ರೆಫರೆನ್ಸ್, ಅಂದರೆ ನಕ್ಷೆಯ ಚೌಕದ ಗುರುತು, ಬರೆದಿರುತ್ತದೆ. ಕಾಟೇಜ್ ಬುಕ್ ಮಾಡಿದರೆ ಮಾಲೀಕರು ಒಂದು ಪೋಸ್ಟ್‌ಕೋಡ್ ಕಳಿಸುತ್ತಾರೆ, ಅದರ ಕೆಳಗೇ "ಸ್ಯಾಟ್‌ನ್ಯಾವ್ ನಂಬಬೇಡಿ, ಕೆಂಪು ಫೋನ್ ಬೂತ್ ದಾಟಿದ ಮೇಲೆ ಎಡಕ್ಕೆ" ಅಂತ ಇನ್ನೊಂದು ಸಾಲು. ನಮ್ಮ ಫೋನಿಗೆ ಬೇಕಾಗಿರುವುದು ಇವೆರಡೂ ಅಲ್ಲ. ಅದು ಕೇಳುವುದು 53.081, −4.020 ಥರದ ಅಕ್ಷಾಂಶ ರೇಖಾಂಶ.

ಇದನ್ನು ಅದಕ್ಕೆ ಬದಲಾಯಿಸುವುದು ಕಷ್ಟದ ಕೆಲಸ ಅಲ್ಲ, ಉಚಿತ ಸಾಧನಗಳು ಬೇಕಾದಷ್ಟಿವೆ. ಎಡವಟ್ಟಾಗುವುದು ಬೇರೆ ಕಡೆ. ಗ್ರಿಡ್ ರೆಫರೆನ್ಸ್ ಆಗಲಿ ಪೋಸ್ಟ್‌ಕೋಡ್ ಆಗಲಿ ಒಂದು ಚುಕ್ಕಿಯನ್ನು ತೋರಿಸುವುದಿಲ್ಲ, ಒಂದು ಜಾಗವನ್ನು ತೋರಿಸುತ್ತದೆ. ಆ ಜಾಗ ಎಷ್ಟು ದೊಡ್ಡದು ಅಂತ ನೋಡದೆ ಬದಲಾಯಿಸಿದರೆ, ಆರು ದಶಮಾಂಶ ಸ್ಥಾನಗಳ ನಿಖರ ಸಂಖ್ಯೆ ಸಿಗುತ್ತದೆ, ಆದರೆ ಹೋಗಿ ನಿಲ್ಲುವುದು ಯಾರದೋ ಕುರಿ ದೊಡ್ಡಿಯ ಎದುರು. ಅದಕ್ಕೇ ಪ್ರತಿ ಹೆಜ್ಜೆಯಲ್ಲೂ "ಇದು ಎಷ್ಟು ದೊಡ್ಡ ಚೌಕ?" ಅಂತ ಕೇಳಿಕೊಳ್ಳುತ್ತಾ ಹೋಗೋಣ.

ಮೊದಲು, ನಿಮ್ಮ ಕೈಲಿರುವುದು ಏನು?

ಎರಡು ಇಂಗ್ಲಿಷ್ ಅಕ್ಷರ, ಆಮೇಲೆ 4, 6, 8 ಅಥವಾ 10 ಅಂಕಿಗಳಿದ್ದರೆ ಅದು ಆರ್ಡ್ನೆನ್ಸ್ ಸರ್ವೇಯ ನ್ಯಾಷನಲ್ ಗ್ರಿಡ್ ರೆಫರೆನ್ಸ್. ಈ ಸಂಸ್ಥೆ 1791ರಿಂದ ಬ್ರಿಟನ್‌ನ ನಕ್ಷೆ ಮಾಡುತ್ತಿದೆ, ಎಲ್ಲರೂ ಓಎಸ್ ಅಂತಲೇ ಕರೆಯುತ್ತಾರೆ. ಒಂದೇ ಅಕ್ಷರ ಇದ್ದು ಆಮೇಲೆ ಅಂಕಿಗಳಿದ್ದರೆ ಅದು ಐರಿಷ್ ಗ್ರಿಡ್, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಅಕ್ಷರವೇ ಇಲ್ಲದೆ 264700, 355600 ಅಂತ ಎರಡು ಉದ್ದ ಸಂಖ್ಯೆ ಇದ್ದರೆ ಅದೂ ಓಎಸ್ ಗ್ರಿಡ್ಡೇ, ಅಕ್ಷರಗಳನ್ನು ಆಗಲೇ ಅಂಕಿ ಮಾಡಿಟ್ಟಿದ್ದಾರೆ ಅಷ್ಟೇ. ಅಕ್ಷರ, ಅಂಕಿ, ಒಂದು ಖಾಲಿ ಜಾಗ, ಆಮೇಲೆ ಒಂದು ಅಂಕಿ ಎರಡು ಅಕ್ಷರ ಇದ್ದರೆ ಪೋಸ್ಟ್‌ಕೋಡ್. ಡೌನಿಂಗ್ ಸ್ಟ್ರೀಟ್‌ನ 10ನೇ ನಂಬರ್ ಮನೆಯದು ಎಸ್‌ಡಬ್ಲ್ಯೂ1ಎ 2ಎಎ.

ಅಕ್ಷರ ಬಿಟ್ಟು ಬರೀ "647 556" ಕೊಟ್ಟಿದ್ದಾರೆ ಅಂದರೆ? ಅದು ಪ್ರತಿ 100 ಕಿಲೋಮೀಟರಿಗೊಮ್ಮೆ ಮತ್ತೆ ಬರುವ ಸಂಖ್ಯೆ. ಯಾವ ನಕ್ಷೆಯದು ಅಂತ ಗೊತ್ತಾಗದೆ ಏನೂ ಮಾಡಲಾಗದು. ಕಾಗದದ ನಕ್ಷೆ ಕೈಲಿದ್ದರೆ ಅದರ ಮೂಲೆಗಳಲ್ಲಿ ಆ ಎರಡು ಅಕ್ಷರ ದೊಡ್ಡದಾಗಿ ಅಚ್ಚಾಗಿರುತ್ತವೆ, ಅಲ್ಲಿಂದ ತಗೊಳ್ಳಿ.

ಗ್ರಿಡ್ ರೆಫರೆನ್ಸ್ ಬಿಡಿಸುವುದು

ಉದಾಹರಣೆಗೆ ಎಸ್‌ಎಚ್ 647 556 ಅನ್ನೇ ಹಿಡಿಯೋಣ. ಇದು ಉತ್ತರ ವೇಲ್ಸ್‌ನ ಪೆನ್-ಇ-ಪಾಸ್ ಕಾರ್ ಪಾರ್ಕ್. ಸ್ನೋಡನ್, ಅಂದರೆ ಈಗ ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಎಲ್ಲೆಡೆ ಬಳಸುವ ಹೆಸರಿನಲ್ಲಿ ಅರ್ ವಿದ್ವ, ಹತ್ತುವವರು ಹೆಚ್ಚಾಗಿ ಹೊರಡುವ ಜಾಗ. (ಸೀಸನ್‌ನಲ್ಲಿ ಅಲ್ಲಿ ಪಾರ್ಕಿಂಗ್ ಮೊದಲೇ ಬುಕ್ ಮಾಡಬೇಕು. ಜಿಪಿಎಸ್ ಎಷ್ಟೇ ಸರಿಯಿದ್ದರೂ ಬುಕಿಂಗ್ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ.)

ಅಂಕಿಗಳನ್ನು ಸರಿಯಾಗಿ ಅರ್ಧಕ್ಕೆ ಮುರಿಯಿರಿ. ಮೊದಲ ಅರ್ಧ 647, ಇದು ಪೂರ್ವಕ್ಕೆ ಎಷ್ಟು ದೂರ ಅನ್ನುವುದು. ಎರಡನೆಯದು 556, ಉತ್ತರಕ್ಕೆ ಎಷ್ಟು ದೂರ ಅನ್ನುವುದು. ಯಾವಾಗಲೂ ಪೂರ್ವ ಮೊದಲು. ಈ ಕ್ರಮವನ್ನು ಗಟ್ಟಿಯಾಗಿ ನೆನಪಿಡಿ, ಯಾಕೆಂದರೆ ಜಿಪಿಎಸ್ ಸಂಖ್ಯೆಯಲ್ಲಿ ಇದು ಪೂರ್ತಿ ಉಲ್ಟಾ: ಅಲ್ಲಿ ಉತ್ತರ ದಕ್ಷಿಣ ಹೇಳುವ ಅಕ್ಷಾಂಶ ಮೊದಲು, ಪೂರ್ವ ಪಶ್ಚಿಮ ಹೇಳುವ ರೇಖಾಂಶ ಆಮೇಲೆ.

ಈಗ ಗಾತ್ರದ ಪ್ರಶ್ನೆ. ಒಟ್ಟು 4 ಅಂಕಿ ಇದ್ದರೆ ಅದು 1 ಕಿಲೋಮೀಟರ್ ಅಗಲ, 1 ಕಿಲೋಮೀಟರ್ ಉದ್ದದ ಚೌಕ. ನಕ್ಷೆಯ ಮೇಲೆ ಗೆರೆ ಹಾಕಿ ತೋರಿಸಿರುವ ಚೌಕ ಅದೇ. 6 ಅಂಕಿ ಇದ್ದರೆ 100 ಮೀಟರ್ ಚೌಕ, 8 ಇದ್ದರೆ 10 ಮೀಟರ್, 10 ಇದ್ದರೆ 1 ಮೀಟರ್. ಪುಸ್ತಕಗಳಲ್ಲಿ, ಬೋರ್ಡುಗಳಲ್ಲಿ ಬಹುಪಾಲು ಸಿಗುವುದು 6 ಅಂಕಿಯದು. ಕಾರ್ ಪಾರ್ಕ್ ಹುಡುಕಲು 100 ಮೀಟರ್ ಸಾಕು. ಮಂಜು ಮುಸುಕಿದ ಬೆಟ್ಟದ ಅಂಚಿನಲ್ಲಿ ಸಾಲದು.

ಆ ಸಂಖ್ಯೆ ತೋರಿಸುವುದು ಚೌಕದ ಮಧ್ಯವನ್ನಲ್ಲ, ಅದರ ನೈಋತ್ಯ ಮೂಲೆಯನ್ನು. ಅಂದರೆ ಕೆಳಗಿನ ಎಡ ಮೂಲೆ. ಆ ಜಾಗ ಚೌಕದ ಒಳಗೆ ಎಲ್ಲಿ ಬೇಕಾದರೂ ಇರಬಹುದಾದ್ದರಿಂದ, ಬದಲಾಯಿಸುವ ಮುಂಚೆ ಅರ್ಧ ಚೌಕ ಕೂಡಿಸಿ ಮಧ್ಯಕ್ಕೆ ತಂದುಕೊಳ್ಳುವುದು ಒಳ್ಳೆಯದು: 6 ಅಂಕಿಯದಕ್ಕೆ ಎರಡೂ ಕಡೆ 50 ಮೀಟರ್, 4 ಅಂಕಿಯದಕ್ಕೆ 500 ಮೀಟರ್. ಕೆಲವು ಆನ್‌ಲೈನ್ ಸಾಧನಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಒಂದೇ ರೆಫರೆನ್ಸಿಗೆ ಎರಡು ಸೈಟ್‌ಗಳು ಎರಡು ಉತ್ತರ ಕೊಟ್ಟರೆ ಗಾಬರಿಯಾಗಬೇಡಿ, ಹೆಚ್ಚಿನ ಸಲ ಕಾರಣ ಇದೇ.

ಅಕ್ಷರಗಳನ್ನು ಅಂಕಿ ಮಾಡುವುದು

ಒಂದೆರಡು ಜಾಗಗಳಿಗೆ ಇದು ಬೇಡ, ಸೈಟ್‌ನಲ್ಲಿ ಹಾಕಿದರೆ ಮುಗಿಯಿತು. ಆದರೆ ಪಟ್ಟಿ ಉದ್ದವಿದ್ದು ಎಕ್ಸೆಲ್‌ನಲ್ಲಿ ಮಾಡಬೇಕೆಂದರೆ, ಅಥವಾ ಒಳಗಿನ ಲೆಕ್ಕ ಏನು ಅಂತ ಕುತೂಹಲವಿದ್ದರೆ ಓದಿ. ಇಲ್ಲದಿದ್ದರೆ ಮುಂದಿನ ಭಾಗಕ್ಕೆ ಹಾರಿ, ಬೇಜಾರಿಲ್ಲ.

ಬ್ರಿಟನ್ ಮೇಲೆ 500 ಕಿಲೋಮೀಟರಿನ ದೊಡ್ಡ ಚೌಕಗಳನ್ನು ಹಾಸಿದ್ದಾರೆ. ಮೊದಲ ಅಕ್ಷರ ಆ ದೊಡ್ಡ ಚೌಕದ ಹೆಸರು. ನೈಋತ್ಯದಲ್ಲಿ ಎಸ್, ಅದರ ಬಲಕ್ಕೆ ಟಿ, ಎಸ್ ಮೇಲೆ ಎನ್, ಎನ್ ಮೇಲೆ ಎಚ್. ಎಸ್‌ಗೆ ಪೂರ್ವ 0, ಉತ್ತರ 0. ಟಿಗೆ ಪೂರ್ವ 5, ಉತ್ತರ 0. ಎನ್‌ಗೆ 0, 5. ಎಚ್‌ಗೆ 0, 10. (ಓ ಅನ್ನುವ ಚೌಕವೂ ಇದೆ, ಆದರೆ ಅದರಲ್ಲಿರುವ ನೆಲ ಯಾರ್ಕ್‌ಶೈರ್ ಕರಾವಳಿಯ ಒಂದು ಚೂರು ಮಾತ್ರ. ಬಾಕಿ ಎಲ್ಲ ಸಮುದ್ರ.)

ಪ್ರತಿ ದೊಡ್ಡ ಚೌಕವನ್ನೂ 100 ಕಿಲೋಮೀಟರಿನ 25 ಚೌಕಗಳಾಗಿ ಕತ್ತರಿಸಿದ್ದಾರೆ, ಎರಡನೇ ಅಕ್ಷರ ಅದಕ್ಕೆ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಐ ಬಿಟ್ಟಿದ್ದಾರೆ. ಕೆಳಗಿನ ಸಾಲು ವಿ, ಡಬ್ಲ್ಯೂ, ಎಕ್ಸ್, ವೈ, ಝಡ್. ಅದರ ಮೇಲೆ ಕ್ಯೂ, ಆರ್, ಎಸ್, ಟಿ, ಯು. ಮೂರನೆಯದು ಎಲ್, ಎಂ, ಎನ್, ಓ, ಪಿ. ನಾಲ್ಕನೆಯದು ಎಫ್, ಜಿ, ಎಚ್, ಜೆ, ಕೆ. ಎಲ್ಲಕ್ಕಿಂತ ಮೇಲೆ ಎ, ಬಿ, ಸಿ, ಡಿ, ಇ. ಎಡದಿಂದ ಬಲಕ್ಕೆ 0ಯಿಂದ 4, ಕೆಳಗಿನಿಂದ ಮೇಲಕ್ಕೆ 0ಯಿಂದ 4 ಅಂತ ಎಣಿಸಿ.

ಎಸ್‌ಎಚ್‌ಗೆ ಹಾಕಿ ನೋಡಿ. ಎಸ್ ಅಂದರೆ 0, 0. ಸೊನ್ನೆಯಿಂದ ಎಣಿಸಿದರೆ ಎಚ್ ಕೆಳಗಿನಿಂದ 3ನೇ ಸಾಲು, ಎಡದಿಂದ 2ನೇ ಮನೆ. ಕೂಡಿಸಿದರೆ ಪೂರ್ವ 2, ಉತ್ತರ 3. ಈ 2 ಅನ್ನು 647ರ ಮುಂದೆ, 3 ಅನ್ನು 556ರ ಮುಂದೆ ಇಟ್ಟು, ಹಿಂದೆ ಸೊನ್ನೆ ತುಂಬಿ ಆರು ಅಂಕಿ ಮಾಡಿ: 264700, 355600. ಅರ್ಧ ಚೌಕ ಕೂಡಿಸಿದರೆ 264750, 355650. ಇವು ಮೀಟರ್‌ಗಳು. ಇಂಗ್ಲೆಂಡಿನ ನೈಋತ್ಯ ತುದಿಯ ಆಚೆ ಸಮುದ್ರದಲ್ಲಿ ಗುರುತಿಸಿರುವ ಸೊನ್ನೆ ಬಿಂದುವಿನಿಂದ ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು ಅಂತ ಅರ್ಥ.

ಇದೇ ಥರ ಬೆನ್ ನೆವಿಸ್ ಇರುವ ಎನ್‌ಎನ್ ಅಂದರೆ 2, 7. ಲಂಡನ್ನಿನ ಬಹುಭಾಗ ಇರುವ ಟಿಕ್ಯೂ ಅಂದರೆ 5, 1. ಸ್ಟೋನ್‌ಹೆಂಜ್ ಇರುವ ಎಸ್‌ಯು ಅಂದರೆ 4, 1. ಶೆಟ್ಲೆಂಡ್‌ನ ಎಚ್‌ಯು ಅಂದರೆ 4, 11. ಅಲ್ಲಿ ಉತ್ತರದ ಸಂಖ್ಯೆ ಹತ್ತು ಲಕ್ಷ ದಾಟಿ ಏಳು ಅಂಕಿ ಆಗುತ್ತದೆ. ಆರೇ ಅಂಕಿ ಇರಬೇಕು ಅಂತ ಕೊನೆಯದನ್ನು ಕತ್ತರಿಸಿಬಿಡಬೇಡಿ!

ಎಕ್ಸೆಲ್ ಬಳಸುವವರಿಗೆ ಒಂದು ಎಚ್ಚರಿಕೆ. ರೆಫರೆನ್ಸಿನ ಅಂಕಿಗಳನ್ನು ಬೇರೆ ಕಾಲಮ್ಮಿನಲ್ಲಿ ಇಡುವಾಗ ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿ. ಇಲ್ಲದಿದ್ದರೆ 005072 ಅನ್ನುವುದನ್ನು ಅದು ಸದ್ದಿಲ್ಲದೆ 5072 ಮಾಡುತ್ತದೆ. ಆರು ಅಂಕಿಯದು ನಾಲ್ಕಾಯಿತು, ಜಾಗವೂ ಬದಲಾಯಿತು, ಎರರ್ ಮಾತ್ರ ಎಲ್ಲೂ ಬರುವುದಿಲ್ಲ.

ಈಗ ಅಕ್ಷಾಂಶ ರೇಖಾಂಶಕ್ಕೆ

ಮೀಟರ್ ಲೆಕ್ಕದಿಂದ ಡಿಗ್ರಿ ಲೆಕ್ಕಕ್ಕೆ ಹೋಗುವುದು ಕೈಯಲ್ಲಿ ಮಾಡುವ ಗಣಿತವಲ್ಲ. ಸಾಧನಕ್ಕೆ ಬಿಡಿ. ಗ್ರಿಡ್ ರೆಫರೆನ್ಸ್ ಫೈಂಡರ್ ಅನ್ನುವ ಉಚಿತ ಸೈಟ್ ಇದೆ, ಹೆಸರು ಹುಡುಕಿದರೆ ಮೊದಲಿಗೇ ಸಿಗುತ್ತದೆ. ಗ್ರಿಡ್ ರೆಫರೆನ್ಸ್, ಪೋಸ್ಟ್‌ಕೋಡ್, ಅಕ್ಷಾಂಶ ರೇಖಾಂಶ, ಯಾವುದನ್ನು ಹಾಕಿದರೂ ಉಳಿದವನ್ನು ಕೊಡುತ್ತದೆ, ನಕ್ಷೆಯ ಮೇಲೂ ತೋರಿಸುತ್ತದೆ. ನೋಡಲು ಹಳೇ ಕಾಲದ ಸೈಟ್ ಥರ ಇದೆ, ಆದರೆ ಕೆಲಸ ಅಚ್ಚುಕಟ್ಟು. ಓಎಸ್‌ನವರದೇ ಆದ ಓಎಸ್ ಮ್ಯಾಪ್ಸ್ ಆ್ಯಪ್‌ನಲ್ಲೂ ಹುಡುಕುವ ಜಾಗದಲ್ಲಿ ಗ್ರಿಡ್ ರೆಫರೆನ್ಸ್ ಹಾಕಬಹುದು. ಗೂಗಲ್ ಮ್ಯಾಪ್ಸ್‌ಗೆ ಮಾತ್ರ ಇದು ಅರ್ಥವಾಗುವುದಿಲ್ಲ. ಅದಕ್ಕೆ ಡಿಗ್ರಿಯೇ ಬೇಕು.

ಪೆನ್-ಇ-ಪಾಸ್‌ಗೆ ಬರುವ ಉತ್ತರ ಸುಮಾರು 53.081, −4.020. ಇದನ್ನು ಫೋನಿಗೆ ಹಾಕುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ.

ಒಂದು, ಆ ಮೈನಸ್ ಚಿಹ್ನೆ. ನಾವು ಭಾರತದಲ್ಲಿ ಬೆಳೆದವರು, ನಮ್ಮ ದೇಶ ಪೂರ್ತಿ ಸಮಭಾಜಕದ ಉತ್ತರಕ್ಕೆ, ಗ್ರೀನಿಚ್‌ನ ಪೂರ್ವಕ್ಕೆ ಇದೆ. ಬೆಂಗಳೂರು 12.97, 77.59. ಮೈನಸ್ ನೋಡಿಯೇ ಗೊತ್ತಿಲ್ಲ, ಹಾಗಾಗಿ ಕಾಪಿ ಮಾಡುವಾಗ ಬಿಟ್ಟುಹೋದರೂ ಕಣ್ಣಿಗೆ ಬೀಳುವುದಿಲ್ಲ. ಬ್ರಿಟನ್ನಿನ ಬಹುಪಾಲು ನೆಲ ಗ್ರೀನಿಚ್‌ಗೆ ಪಶ್ಚಿಮದಲ್ಲಿದೆ, ಅಲ್ಲೆಲ್ಲ ರೇಖಾಂಶಕ್ಕೆ ಮೈನಸ್ ಬೇಕೇ ಬೇಕು. ಕೇಂಬ್ರಿಜ್, ನಾರಿಚ್, ಕ್ಯಾಂಟರ್‌ಬರಿ, ಡೋವರ್ ಥರದ ಪೂರ್ವದ ಊರುಗಳಿಗೆ ಮಾತ್ರ ಬೇಡ. ಪೆನ್-ಇ-ಪಾಸ್‌ನ ಮೈನಸ್ ತೆಗೆದರೆ ನೀವು ಹಾಲೆಂಡ್ ಕರಾವಳಿಯ ಆಚೆ ಉತ್ತರ ಸಮುದ್ರದ ನಡುವೆ. ಸ್ಟೋನ್‌ಹೆಂಜ್‌ನದು ತೆಗೆದರೆ ಫ್ರಾನ್ಸ್‌ನ ಕಲೇ ಪಟ್ಟಣದ ಉತ್ತರಕ್ಕೆ, ಅದೂ ನೀರಲ್ಲೇ.

ಎರಡು, ಕ್ರಮ. ಅಕ್ಷಾಂಶ ಮೊದಲು ಅಂತ ಆಗಲೇ ಹೇಳಿದೆ. ಬ್ರಿಟನ್ನಿನ ಯಾವುದೇ ಜಾಗಕ್ಕೆ ಅಕ್ಷಾಂಶ 49 ಮತ್ತು 61ರ ನಡುವೆ ಇರುತ್ತದೆ, ರೇಖಾಂಶ ಹೆಚ್ಚೆಂದರೆ ಒಂದಂಕಿಯ ಸಂಖ್ಯೆ. ದೊಡ್ಡದು ಮೊದಲು, ಚಿಕ್ಕದು ಆಮೇಲೆ ಅಂತ ನೆನಪಿಟ್ಟರೆ ಸಾಕು. ತಿರುವುಮುರುವಾದರೆ ಪೆನ್-ಇ-ಪಾಸ್ ಸೇಶೆಲ್ಸ್ ದ್ವೀಪಗಳ ಪಶ್ಚಿಮಕ್ಕೆ ಹಿಂದೂ ಮಹಾಸಾಗರದಲ್ಲಿ ಸಿಗುತ್ತದೆ. ಇಂಥ ದೊಡ್ಡ ತಪ್ಪು ಪರವಾಗಿಲ್ಲ, ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದ ಚಿಕ್ಕ ತಪ್ಪೇ ಕಾಟ ಕೊಡುವುದು.

ಆ ಚಿಕ್ಕ ತಪ್ಪು ಮೂರನೆಯದು, ಡೇಟಮ್. ಭೂಮಿ ಪೂರ್ತಿ ಗುಂಡಗಿಲ್ಲ, ಸ್ವಲ್ಪ ಚಪ್ಪಟೆ. ಎಷ್ಟು ಚಪ್ಪಟೆ, ಅದರ ನಡುಬಿಂದು ಎಲ್ಲಿ ಅಂತ ಒಂದು ಮಾದರಿ ಇಟ್ಟುಕೊಂಡೇ ಅಕ್ಷಾಂಶ ರೇಖಾಂಶ ಲೆಕ್ಕ ಹಾಕಬೇಕು, ಆ ಮಾದರಿಗೇ ಡೇಟಮ್ ಅನ್ನುವುದು. ಓಎಸ್ ಗ್ರಿಡ್ ನಿಂತಿರುವುದು ಖಗೋಳ ವಿಜ್ಞಾನಿ ಜಾರ್ಜ್ ಏರಿ 1830ರಲ್ಲಿ ಕೊಟ್ಟ ಮಾದರಿಯ ಮೇಲೆ. ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84 ಅನ್ನುವ ಇನ್ನೊಂದನ್ನು. ಎರಡರಲ್ಲೂ ಡಿಗ್ರಿ ಬರೆಯಬಹುದು, ನೋಡಲು ಒಂದೇ ಥರ ಕಾಣುತ್ತವೆ, ಆದರೆ ಒಂದೇ ಜಾಗಕ್ಕೆ ಸುಮಾರು 100 ಮೀಟರ್ ವ್ಯತ್ಯಾಸ ಬರುತ್ತದೆ. ಸಾಧನದಲ್ಲಿ "ಓಎಸ್‌ಜಿಬಿ 36" ಮತ್ತು "ಡಬ್ಲ್ಯೂಜಿಎಸ್ 84" ಅಂತ ಎರಡು ಆಯ್ಕೆ ಕಂಡರೆ ಎರಡನೆಯದನ್ನೇ ಒತ್ತಿ. ಬೇರೆ ಯೋಚನೆ ಬೇಡ.

ಡೇಟಮ್‌ಗೆ ನಮ್ಮ ಊರಿನ ನಂಟೂ ಇದೆ. ಅದೇ 1830ರ ಹೆಸರು ಹೊತ್ತ ಇನ್ನೊಂದು ಮಾದರಿ ಭಾರತಕ್ಕೆಂದು ಬಳಕೆಗೆ ಬಂತು, ಅದನ್ನು ಕೊಟ್ಟವರು ಜಾರ್ಜ್ ಎವರೆಸ್ಟ್. ಅವರಿಗಿಂತ ಮುಂಚೆ ದಕ್ಷಿಣ ಭಾರತದ ಅಳತೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರ ರೇಖೆ ಅಳೆದಿದ್ದರು. ಸರ್ವೇ ಆಫ್ ಇಂಡಿಯಾದ ಹಳೇ ಟೋಪೋ ಶೀಟುಗಳು ಎವರೆಸ್ಟ್ ಮಾದರಿಯವು. ಅವುಗಳಿಂದ ಪಶ್ಚಿಮ ಘಟ್ಟದ ಯಾವುದೋ ಜಾಗದ ಡಿಗ್ರಿ ಓದಿ ನೇರ ಫೋನಿಗೆ ಹಾಕಿದರೆ ಇದೇ ಥರ ಜಾರುತ್ತದೆ.

ಗ್ರೀನಿಚ್‌ನ ಖಗೋಳ ವೀಕ್ಷಣಾಲಯಕ್ಕೆ ಹೋದವರೆಲ್ಲ ನೆಲದ ಗೆರೆಯ ಆಕಡೆ ಈಕಡೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅಲ್ಲೇ ಫೋನಿನ ಜಿಪಿಎಸ್ ತೆರೆದು ನೋಡಿ. ಸೊನ್ನೆ ಬರುವುದಿಲ್ಲ. ಜಿಪಿಎಸ್‌ನ ಸೊನ್ನೆ ರೇಖೆ ಆ ಗೆರೆಯಿಂದ 102 ಮೀಟರ್ ಪೂರ್ವಕ್ಕೆ, ಪಾರ್ಕಿನ ಒಳಗೆ ಹಾದುಹೋಗುತ್ತದೆ. ನೆಲದ ಮೇಲಿನ ಆ ಗೆರೆ ಏರಿಯದು. ಸಾಲದ್ದಕ್ಕೆ ಓಎಸ್ ನಕ್ಷೆಗಳ ಸೊನ್ನೆ ಏರಿಯ ಗೆರೆಯದೂ ಅಲ್ಲ, ಅವರಿಗಿಂತ ಮುಂಚಿನ ಖಗೋಳ ವಿಜ್ಞಾನಿ ಬ್ರಾಡ್ಲಿಯ ರೇಖೆಯದು, ಅದು ಸುಮಾರು 6 ಮೀಟರ್ ಪಶ್ಚಿಮಕ್ಕಿದೆ. ಒಂದೇ ಗುಡ್ಡದ ಮೇಲೆ ಮೂರು ಸೊನ್ನೆ!

ಡಿಗ್ರಿ, ಮಿನಿಟ್, ಸೆಕೆಂಡ್ ಕೊಟ್ಟಿದ್ದರೆ

ಸ್ಟೋನ್‌ಹೆಂಜ್ 51° 10′ 44″ ಉತ್ತರ, 1° 49′ 34″ ಪಶ್ಚಿಮ. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿ. 51.1789, ಮತ್ತು 1.8261. ಪಶ್ಚಿಮ ಅಂದಿದ್ದರಿಂದ −1.8261. ಅಷ್ಟೇ. 51.1044 ಅಂತ ಸುಮ್ನೆ ಚುಕ್ಕಿ ಇಟ್ಟು ಬರೆದರೆ ಎಂಟು ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತೀರಿ.

ದಶಮಾಂಶ ಎಷ್ಟು ಇಡಬೇಕು? ಅಕ್ಷಾಂಶದಲ್ಲಿ ನಾಲ್ಕು ಸ್ಥಾನ ಅಂದರೆ ಸುಮಾರು 11 ಮೀಟರ್, ಐದು ಅಂದರೆ ಸುಮಾರು 1 ಮೀಟರ್. 100 ಮೀಟರ್ ಚೌಕದಿಂದ ಬಂದ ಉತ್ತರಕ್ಕೆ ನಾಲ್ಕು ಇಟ್ಟರೇ ಧಾರಾಳ. ಸಾಧನ ಎಂಟು ಕೊಟ್ಟಿತು ಅಂತ ಎಂಟನ್ನೂ ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ನೋಡಿದವರು ಅದನ್ನು ನಂಬಿಬಿಡುತ್ತಾರೆ.

ಪೋಸ್ಟ್‌ಕೋಡ್ ಬೇರೆಯೇ ಜಾತಿ

ಗ್ರಿಡ್ ರೆಫರೆನ್ಸ್ ಹುಟ್ಟಿದ್ದು ಜಾಗ ತೋರಿಸಲು. ಪೋಸ್ಟ್‌ಕೋಡ್ ಹುಟ್ಟಿದ್ದು ಕಾಗದ ಹಂಚಲು. 1959ರಲ್ಲಿ ನಾರಿಚ್‌ನಲ್ಲಿ ಮೊದಲ ಪ್ರಯೋಗ ನಡೆಯಿತು, 1974ರ ಹೊತ್ತಿಗೆ ದೇಶವೆಲ್ಲ ಹಬ್ಬಿತು. ಇವತ್ತು ಚಾಲ್ತಿಯಲ್ಲಿರುವುದು 17 ಲಕ್ಷಕ್ಕೂ ಜಾಸ್ತಿ. ಒಂದು ಕೋಡ್‌ಗೆ ಸರಾಸರಿ 15 ವಿಳಾಸ, ಹೆಚ್ಚೆಂದರೆ 100. ನಮ್ಮ ಪಿನ್ ಕೋಡ್ ಒಂದು ಇಡೀ ಬಡಾವಣೆಗೋ ಹತ್ತಾರು ಹಳ್ಳಿಗೋ ಬರುತ್ತದೆ. ಇಲ್ಲಿ ಒಂದು ಬೀದಿಯ ಒಂದು ಪಕ್ಕಕ್ಕೆ ಒಂದು ಕೋಡ್. ಹಾಗಾಗಿ ಊರೊಳಗೆ ಪೋಸ್ಟ್‌ಕೋಡ್ ಹಾಕಿದರೆ ಸಾಕು, ಮನೆ ಮುಂದೆ ಇಳಿಯುತ್ತೀರಿ. ಇದೇ ಅಭ್ಯಾಸವಾಗಿ ಹಳ್ಳಿಗೂ ಅದನ್ನೇ ನಂಬಿ ಹೊರಟಾಗ ತೊಂದರೆ ಶುರು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲೋ ವೇಲ್ಸ್ ಕಣಿವೆಯಲ್ಲೋ ಹದಿನೈದು ವಿಳಾಸ ಅಂದರೆ ಮೈಲಿಗಟ್ಟಲೆ ಹರಡಿದ ತೋಟದ ಮನೆಗಳು.

ಹಾಗಾದರೆ ಪೋಸ್ಟ್‌ಕೋಡ್ ಬದಲಾಯಿಸಿದಾಗ ಸಿಗುವ ಆ ಚುಕ್ಕಿ ಯಾವುದು? ಓಎಸ್‌ನವರು ಆ ಕೋಡ್‌ನ ಎಲ್ಲ ವಿಳಾಸಗಳ ಸರಾಸರಿ ಬಿಂದು ಹಿಡಿದು, ಅದಕ್ಕೆ ಹತ್ತಿರದ ಒಂದು ವಿಳಾಸದ ಮೇಲೆ ಚುಕ್ಕಿ ಇಡುತ್ತಾರೆ. ಅದು ಯಾರೋ ಒಬ್ಬರ ಮನೆ. ನಿಮ್ಮ ಕಾಟೇಜ್ ಆಗಿರಲೇಬೇಕು ಅಂತೇನೂ ಇಲ್ಲ.

ಲಂಡನ್ನಿನ ಬಸವಣ್ಣನವರ ಪ್ರತಿಮೆ ನೋಡಲು ಹೋಗುವವರು ಮೊದಲು ಕೇಳುವುದು "ಪೋಸ್ಟ್‌ಕೋಡ್ ಏನು?" ಅಂತಲೇ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಪ್ರತಿಮೆಗೆ ಯಾರೂ ಕಾಗದ ಬರೆಯುವುದಿಲ್ಲ, ಅದಕ್ಕೆ ತನ್ನದೇ ಪೋಸ್ಟ್‌ಕೋಡ್ ಇಲ್ಲ. ಯಾರಾದರೂ ಕೊಟ್ಟರೆ ಅದು ಪಕ್ಕದ ಯಾವುದೋ ಕಟ್ಟಡದ್ದು. ಪಾರ್ಕು, ಕೆರೆ, ಸೇತುವೆ, ಬೆಟ್ಟದ ತುದಿ, ಎಲ್ಲಕ್ಕೂ ಇದೇ ಮಾತು. ಗ್ರಿಡ್‌ನಲ್ಲಾದರೆ ಆ ಪ್ರತಿಮೆ ಟಿಕ್ಯೂ 30 78 ಅನ್ನುವ ಕಿಲೋಮೀಟರ್ ಚೌಕದೊಳಗೆ, ಲ್ಯಾಂಬೆತ್ ಸೇತುವೆಯ ದಕ್ಷಿಣಕ್ಕೆ ಬರುತ್ತದೆ.

ಒಂದೇ ಪೋಸ್ಟ್‌ಕೋಡ್ ಆದರೆ ಹೀಗೆ ಮಾಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಪೋಸ್ಟ್‌ಕೋಡ್ ಹಾಕಿ, ಉಪಗ್ರಹ ಚಿತ್ರಕ್ಕೆ ಬದಲಾಯಿಸಿ. ಮಾಲೀಕರು ಹೇಳಿದ ಫೋನ್ ಬೂತ್, ಗೇಟು, ಚರ್ಚು ಹುಡುಕಿ ನಿಜವಾದ ಬಾಗಿಲಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪಿನ್ ಬೀಳುತ್ತದೆ, ಅಕ್ಷಾಂಶ ರೇಖಾಂಶ ಕಾಣುತ್ತದೆ. ಅದನ್ನು ಉಳಿಸಿಟ್ಟುಕೊಂಡು ಅದಕ್ಕೇ ದಾರಿ ಕೇಳಿ. ಸಾಧ್ಯವಾದರೆ ಮನೆಯಲ್ಲಿ ವೈಫೈ ಇರುವಾಗಲೇ ಮಾಡಿ, ಆ ಕಣಿವೆಗಳಲ್ಲಿ ಸಿಗ್ನಲ್ ಕೈಕೊಡುವುದು ಗ್ಯಾರಂಟಿ.

ಕೋಡ್ ಸಿಗುತ್ತಲೇ ಇಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಸೊನ್ನೆ ಮತ್ತು ಇಂಗ್ಲಿಷಿನ ಓ. ಕೊನೆಯ ಮೂರು ಅಕ್ಷರಗಳಲ್ಲಿ ಮೊದಲನೆಯದು ಯಾವಾಗಲೂ ಅಂಕಿಯೇ. ಹೌಸ್ ಆಫ್ ಕಾಮನ್ಸ್‌ನ ಎಸ್‌ಡಬ್ಲ್ಯೂ1ಎ 0ಎಎ ನೋಡಿ, ಅಲ್ಲಿರುವುದು ಸೊನ್ನೆ. ಕೆಲವು ಕೋಡ್‌ಗಳು ರದ್ದಾಗಿರುತ್ತವೆ. ಇನ್ನು ಕೆಲವು ಯಾವ ಜಾಗಕ್ಕೂ ಸೇರಿದ್ದಲ್ಲ: ಬಿಎಕ್ಸ್‌ನಿಂದ ಶುರುವಾಗುವವು ಬ್ಯಾಂಕುಗಳಂಥ ದೊಡ್ಡ ಸಂಸ್ಥೆಗಳ ಟಪಾಲಿಗೆ ಮೀಸಲು. ಕ್ರಿಸ್ಮಸ್ ತಾತನಿಗೂ ರಾಯಲ್ ಮೇಲ್ ಒಂದು ಕೋಡ್ ಕೊಟ್ಟಿದೆ, ಎಕ್ಸ್‌ಎಂ4 5ಎಚ್‌ಕ್ಯೂ. ಅದನ್ನು ಸ್ಯಾಟ್‌ನ್ಯಾವ್‌ಗೆ ಹಾಕಿ ಉತ್ತರ ಧ್ರುವಕ್ಕೆ ಹೊರಡಬೇಡಿ.

ಒಂದು ಮನೆಯ ನಿಖರ ಜಾಗವೇ ಬೇಕಾದರೆ ಪೋಸ್ಟ್‌ಕೋಡ್ ಬಿಟ್ಟು ಯುಪಿಆರ್‌ಎನ್ ಹಿಡಿಯಿರಿ. ಗ್ರೇಟ್ ಬ್ರಿಟನ್ನಿನ ಪ್ರತಿ ಆಸ್ತಿಗೂ ಇರುವ ಗುರುತಿನ ಸಂಖ್ಯೆ ಅದು. ಫೈಂಡ್ ಮೈ ಅಡ್ರೆಸ್ ಸೈಟ್‌ನಲ್ಲಿ ವಿಳಾಸ ಹಾಕಿದರೆ ಸಿಗುತ್ತದೆ. 2020ರಿಂದ ಓಎಸ್ ಓಪನ್ ಯುಪಿಆರ್‌ಎನ್ ಅನ್ನುವ ಉಚಿತ ಕಡತದಲ್ಲಿ ಪ್ರತಿ ಸಂಖ್ಯೆಗೂ ಗ್ರಿಡ್ ಮತ್ತು ಡಿಗ್ರಿ ಎರಡೂ ಇವೆ.

ನೂರಾರು ಇದ್ದರೆ

ಕನ್ನಡ ಸಂಘದ ಸದಸ್ಯರು ಯಾವ ಯಾವ ಊರಲ್ಲಿದ್ದಾರೆ ಅಂತ ನಕ್ಷೆ ಮಾಡಬೇಕು ಅನ್ನಿ. ಒಂದೊಂದಾಗಿ ಹಾಕುತ್ತಾ ಕೂರಬೇಡಿ. ಪೋಸ್ಟ್‌ಕೋಡ್ಸ್ ಡಾಟ್ ಐಒ ಅನ್ನುವ ಉಚಿತ ಸೇವೆಗೆ ಒಂದು ಸಲಕ್ಕೆ 100 ಕೋಡ್ ಕಳಿಸಬಹುದು, ಲಾಗಿನ್ ಕೂಡ ಬೇಡ. ಡೌನಿಂಗ್ ಸ್ಟ್ರೀಟ್‌ನ ಆ ಕೋಡ್ ಕೊಟ್ಟರೆ 530047, 179951 ಅಂತ ಗ್ರಿಡ್ ಸಂಖ್ಯೆಯನ್ನೂ, ಸುಮಾರು 51.5035, −0.1277 ಅಂತ ಡಿಗ್ರಿಯನ್ನೂ ಕೊಡುತ್ತದೆ. ಜನರ ವಿಳಾಸ ಹೊರಗಿನ ಸೇವೆಗೆ ಕಳಿಸುವುದು ಬೇಡ ಅನಿಸಿದರೆ, ಓಎಸ್‌ನ ಕೋಡ್-ಪಾಯಿಂಟ್ ಓಪನ್ ಕಡತ ಇಳಿಸಿಕೊಂಡು ನಿಮ್ಮ ಕಂಪ್ಯೂಟರಲ್ಲೇ ಹೊಂದಿಸಿ. ಅದರಲ್ಲಿ ಗ್ರಿಡ್ ಸಂಖ್ಯೆ ಮಾತ್ರ ಇರುತ್ತದೆ, ಡಿಗ್ರಿ ಇರುವುದಿಲ್ಲ. ಎರಡನೇ ಕಾಲಮ್ಮಿನಲ್ಲಿ ಗುಣಮಟ್ಟದ ಸಂಖ್ಯೆ ಇದೆ, ಅದನ್ನು ಯಾರೂ ನೋಡುವುದಿಲ್ಲ, ನೀವು ನೋಡಿ: 10 ಅಂದರೆ ಒಳ್ಳೆಯದು, 90 ಅಂದರೆ ಜಾಗವೇ ಗೊತ್ತಿಲ್ಲ.

ಗ್ರಿಡ್ ಸಂಖ್ಯೆಗಳ ಪಟ್ಟಿಯನ್ನು ಡಿಗ್ರಿ ಮಾಡಲು ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶ ಸಾಕು. ಸಿಎಸ್‌ವಿ ಕಡತ ತೆರೆಯುವಾಗ ಎಕ್ಸ್‌ಗೆ ಪೂರ್ವದ ಕಾಲಮ್, ವೈಗೆ ಉತ್ತರದ ಕಾಲಮ್ ಕೊಡಿ, ಇಪಿಎಸ್‌ಜಿ 27700 ಆರಿಸಿ. ಅದು ಬ್ರಿಟಿಷ್ ಗ್ರಿಡ್‌ನ ಸಂಖ್ಯೆ. ಹೊರಗೆ ಉಳಿಸುವಾಗ ಇಪಿಎಸ್‌ಜಿ 4326 ಆರಿಸಿ, ಅದು ಜಿಪಿಎಸ್‌ನದು. ಸಿಎಸ್‌ವಿ ಆಗಿ ಉಳಿಸುವಾಗ ಜ್ಯಾಮಿತಿಯನ್ನು ಎಕ್ಸ್ ವೈ ಆಗಿ ಬರೆ ಅನ್ನುವ ಆಯ್ಕೆ ಒತ್ತಿ. ಬರುವ ಎಕ್ಸ್ ರೇಖಾಂಶ, ವೈ ಅಕ್ಷಾಂಶ. ಇಲ್ಲೂ ಕ್ರಮ ಉಲ್ಟಾ, ಬೇಸರ ಮಾಡಿಕೊಳ್ಳಬೇಡಿ. ಓಎಸ್‌ಟಿಎನ್15 ಅನ್ನುವ ತಿದ್ದುಪಡಿ ಕಡತ ಇಳಿಸಲೇ ಅಂತ ಕೇಳಿದರೆ ಹೂಂ ಅನ್ನಿ. ಅದಿಲ್ಲದೆ ಲೆಕ್ಕ ಹಾಕಿದರೆ ಸುಮಾರು 5 ಮೀಟರ್ ಆಚೀಚೆ ಆಗಬಹುದು. ನಕ್ಷೆ ನೋಡುವುದಕ್ಕೆ ಪರವಾಗಿಲ್ಲ, ಜಮೀನಿನ ಗಡಿ ಹಾಕುವುದಕ್ಕೆ ಆಗುವುದಿಲ್ಲ.

ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯಬಲ್ಲವರು ಪೈಪ್ರೋಜ್ ಅನ್ನುವ ಲೈಬ್ರರಿ ಬಳಸಿ, "ಆಲ್ವೇಸ್ ಎಕ್ಸ್‌ವೈ" ಆಯ್ಕೆ ಹಾಕುವುದನ್ನು ಮರೆಯಬೇಡಿ.

ಐರ್ಲೆಂಡ್ ಕಡೆಯವರಿಗೆ

ಐರ್ಲೆಂಡ್ ದ್ವೀಪಕ್ಕೆ ಬೇರೆ ಗ್ರಿಡ್. ಉತ್ತರ ಐರ್ಲೆಂಡಿನ ಅತಿ ಎತ್ತರದ ಸ್ಲೀವ್ ಡೊನಾರ್ಡ್ ಜೆ 358 277, ಒಂದೇ ಅಕ್ಷರ. ಇದನ್ನು ಬ್ರಿಟಿಷ್ ಗ್ರಿಡ್ ಅಂತ ತಿಳಿದು ಬದಲಾಯಿಸಲು ಹೋದರೆ ಆಗದು. ಸಾಧನದಲ್ಲಿ ಐರಿಷ್ ಗ್ರಿಡ್ ಅಂತ ಆರಿಸಬೇಕು. ಬೆಲ್‌ಫಾಸ್ಟ್ ಕಡೆಯ ಬಿಟಿ ಪೋಸ್ಟ್‌ಕೋಡ್‌ಗಳು ಕೋಡ್-ಪಾಯಿಂಟ್ ಓಪನ್ ಕಡತದಲ್ಲಿ ಇಲ್ಲ, ಅಂಕಿಅಂಶ ಕಚೇರಿಯ ಓಎನ್‌ಎಸ್ ಪೋಸ್ಟ್‌ಕೋಡ್ ಡೈರೆಕ್ಟರಿಯಲ್ಲಿ ಇವೆ. ಡಬ್ಲಿನ್‌ನಲ್ಲಿರುವವರಿಗೆ ಕೆಲಸ ಸುಲಭ. ಗಣರಾಜ್ಯದಲ್ಲಿ 2015ರಲ್ಲಿ ಬಂದ ಏರ್‌ಕೋಡ್ ಪ್ರತಿ ಮನೆಗೂ ಬೇರೆ ಬೇರೆ, ಗೂಗಲ್‌ನಲ್ಲಿ ಹಾಕಿದರೆ ನೇರ ಬಾಗಿಲಿಗೆ. ಚಾನೆಲ್ ದ್ವೀಪಗಳೂ ಓಎಸ್ ಗ್ರಿಡ್‌ನಲ್ಲಿಲ್ಲ. ಐಲ್ ಆಫ್ ಮ್ಯಾನ್ ಇದೆ.

ಬೆಟ್ಟದ ಮೇಲೆ ಸಿಕ್ಕಿಕೊಂಡರೆ ಉಲ್ಟಾ ಕೆಲಸ

ಇಲ್ಲಿ ಜಿಪಿಎಸ್‌ನಿಂದ ಗ್ರಿಡ್‌ಗೆ ಬರಬೇಕು, ಯಾಕೆಂದರೆ ಬ್ರಿಟನ್ನಿನ ಮೌಂಟನ್ ರೆಸ್ಕ್ಯೂ ತಂಡಗಳು ಓಎಸ್ ನಕ್ಷೆ ಹಿಡಿದೇ ಕೆಲಸ ಮಾಡುತ್ತವೆ. ಓಎಸ್ ಮ್ಯಾಪ್ಸ್ ಆ್ಯಪ್ ನೀವು ನಿಂತ ಜಾಗದ ಗ್ರಿಡ್ ರೆಫರೆನ್ಸ್ ತೋರಿಸುತ್ತದೆ. ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಡ, ಆಕಾಶ ಕಂಡರೆ ಸಾಕು. 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ರೆಫರೆನ್ಸ್ ಓದುವಾಗ ಎರಡು ಅಕ್ಷರ ಸೇರಿಸಿ, ಒಂದೊಂದೇ ಅಂಕಿ ನಿಧಾನಕ್ಕೆ ಹೇಳಿ, ಅವರಿಂದ ಮತ್ತೆ ಹೇಳಿಸಿಕೊಳ್ಳಿ. ಮಾತಾಡುವಷ್ಟು ಸಿಗ್ನಲ್ ಇಲ್ಲದಿದ್ದರೂ ಕೆಲವೊಮ್ಮೆ ಮೆಸೇಜ್ ಹೋಗುತ್ತದೆ, ಆದರೆ ಅದಕ್ಕೆ ಮೊದಲೇ ನೋಂದಾಯಿಸಿರಬೇಕು: ಇವತ್ತೇ 999ಕ್ಕೆ ಇಂಗ್ಲಿಷಿನಲ್ಲಿ ರಿಜಿಸ್ಟರ್ ಅಂತ ಎಸ್ಸೆಮ್ಮೆಸ್ ಕಳಿಸಿ, ಬರುವ ಉತ್ತರ ಓದಿ ಯೆಸ್ ಅಂತ ಮರಳಿ ಕಳಿಸಿ.